ಕೆಂಚಮ್ಮನ ಮೀನು, ಅಧ್ಯಕ್ಷರ ಹಂಡೆ

ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಥಳಥಳ ಹೊಳೆಯಿಸಿದ್ದ ಆ ತಾಮ್ರದ ಹಂಡೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಕುತ್ತಿಗೆಗೆ ಚೆಂಡುಹೂವಿನ ಹಾರ, ಹೊಟ್ಟೆಯ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಒಳಗೆ ಕೆಂಚಮ್ಮನ ಕೊಳದಿಂದ ಹಿಡಿದು ತಂದ, ಅಂಗೈ ಅಗಲದ ನಾಲ್ಕು ಕಾಟ್ಲಾ ಮೀನುಗಳು. ಮದುಮಗಳಿಗೂ ಯಾರೂ ಅಷ್ಟು ಅಲಂಕಾರ ಮಾಡಿರಲಿಕ್ಕಿಲ್ಲ.

ಆಗ ನಾನು ನಮ್ಮೂರಿನ ಮೀನು ಸಾಕಣೆ ಕಚೇರಿಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಮೀನಿನ ಬಾಲದ ಬುಡಕ್ಕೆ ಸಣ್ಣ ಸೂಜಿ ಚುಚ್ಚಿ, ಕೊಂಚ ರಕ್ತ ತೆಗೆದು, ಅದು ಆರೋಗ್ಯವಾಗಿದೆಯೋ ಇಲ್ಲವೋ ಹೇಳುವುದು ನಮ್ಮ ಕೆಲಸ. ಮೀನನ್ನು ಕೊಯ್ಯಬೇಕಾಗಿಲ್ಲ, ರಕ್ತ ತೆಗೆದು ಮತ್ತೆ ನೀರಿಗೆ ಬಿಡಬಹುದು. ಬಹಳ ಒಳ್ಳೆಯ ವಿದ್ಯೆ. ಆ ವಿದ್ಯೆಯ ಹಣೆಬರಹಕ್ಕೆ ನಮ್ಮೂರಲ್ಲಿ ಸಿಕ್ಕ ಯಜಮಾನರು ಡಾಕ್ಟರ್ ಪರಂಜ್ಯೋತಿ. ಈ ಮಹಾನುಭಾವರಿಗೆ ಮೀನಿಗಿಂತ ಮೈಕು ಹೆಚ್ಚು ಪ್ರೀತಿ. ಕೊಳದ ಏರಿಯ ಮೇಲೆ ಬಂದರೆ ಒಂದು ಚೂರು ಕೆಸರು ಮೆತ್ತಿದರೂ ಹಾವು ತುಳಿದವರ ಹಾಗೆ ಕಾಲು ಕೊಡವುತ್ತಿದ್ದರು. ಇಡೀ ಕಚೇರಿಯಲ್ಲಿ ಅವರು ಕೈಯಾರೆ ಮುಟ್ಟುತ್ತಿದ್ದ ಮೀನು ಒಂದೇ ಒಂದು. ಅಂಗಳದ ಸಿಮೆಂಟು ತೊಟ್ಟಿಯಲ್ಲಿ ಅವರೇ ಸಾಕಿಕೊಂಡಿದ್ದ ಕೆಂಪು ಮೀನು. ಅದಕ್ಕೆ ಗುಂಡ ಎಂದು ಹೆಸರಿಟ್ಟು ದಿನಾ ಬೆಳಿಗ್ಗೆ ಮಂಡಕ್ಕಿ ಹಾಕುತ್ತಿದ್ದರು.

ಜನರ ಎದುರಿಗೇ ಮೀನಿನ ರಕ್ತ ತೆಗೆದು ತೋರಿಸುವ ಸಮಾರಂಭ ಅವರ ತಲೆಯಲ್ಲೇ ಹುಟ್ಟಿದ್ದು. ಅದಕ್ಕೆ ಆರಿಸಿದ್ದು ಕೆಂಚಮ್ಮನ ಕೊಳ. ಮೀನುಗಾರರ ಸಂಘ ಒಬ್ಬ ಹೆಂಗಸಿಗೆ ಕೊಳ ವಹಿಸಿದ್ದು ಅದೇ ಮೊದಲು. ಮೀನು ಕೆಟ್ಟರೆ ಕೊಳ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತೇವೆ ಎಂಬ ಮಾತಿನ ಮೇಲೆಯೇ ಕೊಟ್ಟಿದ್ದರು. ಉಗುರಿನಷ್ಟಿದ್ದ ಮರಿಗಳನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದಳು.

ನಾನು ಮೀನಿಡಲು ಮಣ್ಣಿನ ಬಾನಿ ತಂದಿದ್ದೆ. ಡಾಕ್ಟರು ಮುಖ ಸಿಂಡರಿಸಿದರು.

"ಥೂ, ದೊಡ್ಡವರು ಬರೋ ಜಾಗದಲ್ಲಿ ಈ ಬಾನಿ ಇಡ್ತೀರೇನ್ರೀ? ಸಂಘದ ಅಧ್ಯಕ್ಷರ ಮನೆಯಿಂದ ಹಂಡೆ ತರಿಸಿದ್ದೀನಿ, ಅದರಲ್ಲಿ ಬಿಡಿ."

"ಸರ್, ತಾಮ್ರ ಮೀನಿಗೆ ಆಗಿಬರಲ್ಲ. ಅದರಲ್ಲೂ ಹುಳಿ ಹಾಕಿ ತಿಕ್ಕಿದ್ದಾರೆ."

"ನಾನು ದಿನಾ ಎದ್ದ ತಕ್ಷಣ ತಾಮ್ರದ ಚೊಂಬಿನ ನೀರೇ ಕುಡಿಯೋದು. ನನಗೇನಾಗಿದೆ?"

ಏನಾಗಿದೆ ಎಂದು ಹೇಳಲು ನನಗೆ ನಾಲಿಗೆ ತುರಿಸಿತು. ಹೊಟ್ಟೆಪಾಡು, ಮೀನುಗಳನ್ನು ಹಂಡೆಗೇ ಬಿಟ್ಟೆ.

ಅತಿಥಿಗಳು ಹೊತ್ತು ನೆತ್ತಿಗೇರಿದ ಮೇಲೆ ಬಂದರು. ಆಮೇಲೆ ಪ್ರಾರ್ಥನೆ, ಸ್ವಾಗತ, ಹಾರ. ಸಂಘದ ಅಧ್ಯಕ್ಷರ ಭಾಷಣವಂತೂ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮನೆಯಲ್ಲಿ ಮೀನಿನ ವಾಸನೆಯನ್ನೂ ಸೇರಿಸದ ಆಸಾಮಿ, ಮೀನಿನ ಮಹಿಮೆಯನ್ನು ಬಾಯಿ ಚಪ್ಪರಿಸಿ ಕೊಂಡಾಡಿದರು. ಅಷ್ಟರಲ್ಲಿ ಹಂಡೆಯ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. "ನೋಡಿ, ನಮಸ್ಕಾರ ಮಾಡ್ತಿವೆ!" ಎಂದರು ಅತಿಥಿಗಳು. ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು.

ರಕ್ತ ತೆಗೆದೆ. ಕೊಳವೆಗೆ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿ ನೀರು ನಿಲ್ಲಬೇಕು. ನಿಂತ ನೀರು ಕೆಂಪಗಿತ್ತು. ಕಣಗಳು ಒಡೆದುಹೋಗಿದ್ದವು. ಡಾಕ್ಟರು ಕೊಳವೆಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು, ನಿಧಿ ಸಿಕ್ಕವರಂತೆ ಮೈಕಿಗೆ ಬಾಯಿಟ್ಟರು.

"ಮಹನೀಯರೇ, ಈ ಕೊಳಕ್ಕೆ ಘೋರ ರೋಗ ತಗುಲಿದೆ! ನಾಳೆಯೇ ಬ್ಲೀಚಿಂಗ್ ಪುಡಿ ಸುರಿದು ಎಲ್ಲಾ ಮೀನುಗಳನ್ನೂ ಸಾಯಿಸಿ, ಉಳಿದ ಕೊಳಗಳನ್ನು ಕಾಪಾಡುತ್ತೇವೆ!"

ಅತಿಥಿಗಳು ಚಪ್ಪಾಳೆ ತಟ್ಟಿದರು. ಯಾತಕ್ಕೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಅಯ್ಯೋ ಸ್ವಾಮಿ, ಬೆಳಿಗ್ಗೆ ಬಲೇಲಿ ಎಗರಾಡಿ ನನ್ನ ಮೋರೆಗೆ ನೀರು ಎರಚಿದ್ವಲ್ಲ, ಅವಕ್ಕೆ ರೋಗವಾ?" ಎಂದು ಕೆಂಚಮ್ಮ ಎದೆ ಬಡಿದುಕೊಂಡಳು. ಅವಳನ್ನು ಪಕ್ಕಕ್ಕೆ ಸರಿಸಿ ಎಲ್ಲರೂ ಊಟಕ್ಕೆ ನಡೆದರು.

ನಾನು ಊಟಕ್ಕೆ ಹೋಗಲಿಲ್ಲ. ಕೆಂಚಮ್ಮ ಬಲೆ ಬೀಸಿದಳು. ಮೀನು ಮೇಲೆ ಬಂದ ಕೂಡಲೇ ಏರಿಯ ಮೇಲೆ ನಿಂತೇ ರಕ್ತ ತೆಗೆದೆ. ಒಂದಾದ ಮೇಲೊಂದು ಕೊಳವೆ ತಿರುಗಿಸಿದೆ. ಎಲ್ಲದರಲ್ಲೂ ಮೇಲೆ ನಿಂತ ನೀರು ತಿಳಿಹಳದಿ. ಓಡಿಹೋಗಿ ಡಾಕ್ಟರ ಎಲೆಯ ಮುಂದೆ ಹಿಡಿದೆ. ಅವರು ಹೋಳಿಗೆ ಮುರಿಯುತ್ತಿದ್ದರು.

"ಮೈಕಲ್ಲಿ ಹೇಳಿ ಆಯ್ತಲ್ರೀ," ಎಂದರು, "ಇನ್ನೇನು ಮಾಡಕ್ಕಾಗುತ್ತೆ?"

ಎಂಥ ಮನುಷ್ಯ! ಒಂದು ಕೊಳ ಸಾಯುವುದು ಅವರಿಗೆ ತುಪ್ಪ ಕಡಿಮೆಯಾದಷ್ಟೂ ದೊಡ್ಡ ವಿಷಯವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಯ ಅಂಗಳದಲ್ಲಿ ಪುಡಿಯ ಚೀಲಗಳನ್ನು ಗಾಡಿಗೆ ಹೇರುತ್ತಿದ್ದರು. ಅಧ್ಯಕ್ಷರು, ಸಂಘದ ಮಂದಿ ಎಲ್ಲ ಸೇರಿದ್ದರು, ಕೆಂಚಮ್ಮನೂ ಬಂದಿದ್ದಳು. ಹಂಡೆಯೂ ಅಲ್ಲೇ ಬಿದ್ದಿತ್ತು. ಮೀನು ಮುಟ್ಟಿದ್ದು ನಮ್ಮ ಬಚ್ಚಲಿಗೆ ಬೇಡವೇ ಬೇಡ ಎಂದು ಅಧ್ಯಕ್ಷರ ಹೆಂಡತಿ ಹೊಸಲಿನಿಂದಲೇ ಅದನ್ನು ವಾಪಸು ಕಳಿಸಿದ್ದರು. ನಾನು ಕೊಳವೆಗಳನ್ನು ಹಿಡಿದು ಒಬ್ಬೊಬ್ಬರಿಗೂ ತೋರಿಸಿದೆ, ಹಂಡೆಯದೇ ತಪ್ಪು ಎಂದೆ.

ಡಾಕ್ಟರು ನಕ್ಕರು. "ಹಂಡೆಗೇನಾಗಿದೆ? ಚಿನ್ನದಂಥ ಹಂಡೆ. ಕೆಟ್ಟಿರೋದು ಇವಳ ಮೀನು."

ಕೆಂಚಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಮಡಿಲಿನಿಂದ ಹುಣಸೆಹಣ್ಣು ತೆಗೆದು, ಎಲ್ಲರೆದುರಿಗೇ ಹಂಡೆಯನ್ನು ಒಳಗೂ ಹೊರಗೂ ಗಸಗಸ ತಿಕ್ಕಿದಳು. ಕಚೇರಿಯ ಬಾವಿಯಿಂದಲೇ ನೀರು ಸೇದಿ ತೊಳೆದಳು, ಮತ್ತೆ ಸೇದಿ ತುಂಬಿದಳು. ಇವಳಿಗೆ ತಲೆ ಕೆಟ್ಟಿದೆ ಎಂದು ಯಾರೋ ಗೊಣಗಿದರು. ಅವಳು ಸೀದಾ ಸಿಮೆಂಟು ತೊಟ್ಟಿಗೆ ಹೋಗಿ, ಮಂಡಕ್ಕಿಯ ಆಸೆಗೆ ಮೇಲೆ ಬಂದಿದ್ದ ಗುಂಡನನ್ನು ಬೊಗಸೆಯಲ್ಲಿ ಎತ್ತಿಕೊಂಡು ಬಂದಳು.

"ನಿಮ್ಮ ಮೀನಿಗೆ ರೋಗ ಇಲ್ವಲ್ಲ ಸ್ವಾಮಿ? ನೀರೂ ನಿಮ್ಮ ಬಾವೀದೇ. ಒಂದು ಗಳಿಗೆ ಇದರಲ್ಲಿರಲಿ."

"ಏಯ್, ಬಿಡೇ ಅದನ್ನ!" ಡಾಕ್ಟರು ಕೆಸರು ಕಸ ನೋಡದೆ ಓಡಿಬಂದು ಅವಳ ರಟ್ಟೆ ಹಿಡಿದರು. "ತಾಮ್ರ ಕಣೇ ಅದು! ಸತ್ತುಹೋಗುತ್ತೆ!"

ಗಾಡಿಗೆ ಚೀಲ ಹೇರುತ್ತಿದ್ದವರು ಕೈ ನಿಲ್ಲಿಸಿದರು. ಅಧ್ಯಕ್ಷರು ಡಾಕ್ಟರ ಮುಖ ನೋಡಿದರು. ಡಾಕ್ಟರು ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಗೊತ್ತಿತ್ತು! ಆ ಮನುಷ್ಯನಿಗೆ ಮೊದಲಿನಿಂದಲೂ ಎಲ್ಲಾ ಗೊತ್ತಿತ್ತು.

ಕೆಂಚಮ್ಮ ಗುಂಡನನ್ನು ಮೆತ್ತಗೆ ತೊಟ್ಟಿಗೇ ಬಿಟ್ಟಳು. "ಪಾಪ, ಇದೇನು ಮಾಡೀತು," ಎಂದಳು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಚೀಲ ಇಳಿಸ್ರೋ," ಎಂದರು.

ಡಾಕ್ಟರಿಗೆ ನಾಚಿಕೆಯಾಯಿತೆಂದು ನೀವು ತಿಳಿದರೆ ನಿಮ್ಮ ಮುಗ್ಧತೆಗೆ ಕೈಮುಗಿಯಬೇಕು. ಬಡ್ತಿ ಪಡೆದು ಅವರು ದೊಡ್ಡ ಊರಿಗೆ ಹೋದರು. ಅಲ್ಲೂ ಮೈಕು ಇತ್ತಂತೆ.

ಹಂಡೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಕೆಂಚಮ್ಮ ಅದನ್ನು ಕೊಳದ ಏರಿಯ ಮೇಲೆ ಬೋರಲು ಹಾಕಿ ಕೂರುವ ಮಣೆ ಮಾಡಿಕೊಂಡಳು. ಊರು ಬಿಡುವ ಮುನ್ನ ನಾನು ಕಡೆಯ ಬಾರಿ ಹೋದಾಗಲೂ ಅದರ ಮೇಲೆ ಕೂತು ಮೀನಿಗೆ ತೌಡು ಎರಚುತ್ತಿದ್ದಳು. ತಾಮ್ರವೆಲ್ಲ ಕಿಲುಬು ಹಿಡಿದು ಹಸಿರಾಗಿತ್ತು. ಕಾಟ್ಲಾಗಳು ಎಗರಿ ಅವಳ ಮುಖಕ್ಕೆ ನೀರು ಚಿಮ್ಮಿಸುತ್ತಿದ್ದವು. ಅವಳು ಒರೆಸಿಕೊಳ್ಳದೆ ಕೂತಿದ್ದಳು.