ಬೀಗ ಹಾಕಿದೆ

ಮೂವತ್ತೊಂದು ಮನೆಗಳ ಪಟ್ಟಿ ಕೈಗೆ ಬಂದಾಗಲೇ ಅವಳ ಜೀವ ಬಾಯಿಗೆ ಬಂದಿತ್ತು. ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ‘ಪಿಸುಮಾತು’ ಎಂದು. ಹಾಜರಿ ಕೂಗಿದಾಗ ಅವಳು ಓಗೊಟ್ಟರೆ ಪಕ್ಕದ ಬೆಂಚಿಗೂ ಕೇಳುತ್ತಿರಲಿಲ್ಲ. ಎಷ್ಟೋ ಸಲ ತರಗತಿಯಲ್ಲಿ ಕೂತೇ ಗೈರುಹಾಜರಾಗಿದ್ದಳು. ಅಂಥವಳು ಹಳ್ಳಿಯ ಸೇವಾ ಶಿಬಿರಕ್ಕೆ ಹೆಸರು ಕೊಟ್ಟದ್ದೇ ಒಂದು ಸಾಹಸ. ಹತ್ತು ದಿನ ಗುರುತಿಲ್ಲದವರ ನಡುವೆ ಬಿದ್ದರೆ ಮಾತು ತಾನಾಗಿ ಬರುತ್ತದೆ ಎಂದು ಅಕ್ಕ ಹುರಿದುಂಬಿಸಿದ್ದಳು. ಅಕ್ಕನಿಗೇನು, ಹೇಳುವುದು ಸುಲಭ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಬಾಗಿಲು ತಟ್ಟಬೇಕು, ಕಣ್ಣು ಮಂಜಾದವರು ಇದ್ದಾರೆಯೇ ಎಂದು ಕೇಳಬೇಕು, ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡವರನ್ನು ಮಾತ್ರ ಕೊನೆಯ ದಿನ ಕಣ್ಣಿನ ಡಾಕ್ಟರು ನೋಡಿ ಆಪರೇಷನ್ನಿಗೆ ಆರಿಸುತ್ತಾರೆ. ಇಬ್ಬಿಬ್ಬರಂತೆ ಹೋಗುವುದು; ಜೊತೆಗಾತಿ ಮಾತಾಡುತ್ತಿದ್ದಳು, ಇವಳು ಬರೆಯುತ್ತಿದ್ದಳು. ಜೊತೆಗಾತಿ ಜ್ವರ ಬಂದು ಮಲಗಿದಳು ನೋಡಿ, ಅಲ್ಲಿಗೆ ಕೆಟ್ಟಿತು.

ಒಬ್ಬಳೇ ಹೋದ ದಿನ ಒಂಬತ್ತು ಮನೆ ಹೇಗೋ ಮುಗಿಸಿದಳು. ಹತ್ತನೆಯದು ದರ್ಜಿಯಮ್ಮನದು. ಬಾಗಿಲು ಮುಚ್ಚಿತ್ತು. ‘ನಮಸ್ಕಾರ, ನಾವು ಕಾಲೇಜಿಂದ ಬಂದಿದ್ದೀವಿ’ ಎಂದು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಳು. ಒಬ್ಬಳೇ ಇರುವಾಗ ‘ನಾವು’ ಅನ್ನುವುದೋ ‘ನಾನು’ ಅನ್ನುವುದೋ ಎಂಬಲ್ಲಿ ಗಾಡಿ ನಿಂತಿತು. ಕೈ ಎತ್ತಿದಳು, ಇಳಿಸಿದಳು. ಕೊನೆಗೆ ಫಾರಂನಲ್ಲಿ ‘ಬೀಗ ಹಾಕಿದೆ’ ಎಂದು ದುಂಡಗೆ ಬರೆದು ಅಲ್ಲಿಂದ ಕಾಲ್ಕಿತ್ತಳು.

ಕೊನೆಯ ದಿನ ಶಾಲೆಯ ವರಾಂಡದಲ್ಲಿ ಸಾಲು ನಿಂತಿತ್ತು. ಪಕ್ಕದ ಮನೆಯಾಕೆಯ ಕೈ ಹಿಡಿದು ದರ್ಜಿಯಮ್ಮ ಬಂದಳು. ಶಿಬಿರದ ಮೇಷ್ಟ್ರು ಪಟ್ಟಿಯ ಮೇಲೆ ಬೆರಳಾಡಿಸಿದರು.

“ನಿಮ್ಮನೆಗೆ ಬೀಗ ಹಾಕಿತ್ತಂತಲ್ಲಮ್ಮ?”

ಪಕ್ಕದ ಮನೆಯಾಕೆ ನಕ್ಕೇಬಿಟ್ಟಳು. “ಬೀಗಾನಾ? ಆ ಬಾಗಿಲಿಗೆ ಚಿಲಕಾನೇ ಇಲ್ಲ ಸಾರ್! ಸೂಜಿಗೆ ದಾರ ಪೋಣಿಸೋಕೂ ನನ್ನ ಕರೀತಾಳೆ, ಇವಳೆಲ್ಲಿಗೆ ಹೋಗ್ತಾಳೆ? ಹೀಗೇ ಇದ್ರೆ ಹೊಲಿಗೆ ಬಿಟ್ಟ ಹಾಗೇ.”

“ಆ ಬೀದಿಗೆ ಹೋಗಿದ್ದು ನೀನಲ್ವಾ?” ಮೇಷ್ಟ್ರು ಪಕ್ಕದಲ್ಲೇ ಪೆನ್ನು ಹಿಡಿದು ನಿಂತಿದ್ದ ಪಿಸುಮಾತಿನ ಕಡೆ ತಿರುಗಿದರು.

ಡಾಕ್ಟರೂ ತಲೆ ಎತ್ತಿದರು. “ಊರಲ್ಲಿಲ್ಲದೋರನ್ನೆಲ್ಲ ಮುಂದಿನ ವರ್ಷಕ್ಕೆ ಬನ್ನಿ ಅಂದಿದ್ದೀವಿ. ನಮ್ಮ ಕಡೆ ತಪ್ಪಾಗಿದ್ರೆ ಹೇಳಿ, ಇವರನ್ನ ಸೇರಿಸ್ಕೊಳ್ತೀನಿ.”

‘ತಪ್ಪು ನನ್ನದು.’ ಎರಡೇ ಮಾತು. ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಸಾಲಿಗೆ ಸಾಲೇ ತನ್ನನ್ನು ನುಂಗುವಂತೆ ನೋಡುತ್ತಿದೆ ಅನಿಸಿತು.

ಅಷ್ಟರಲ್ಲಿ ದರ್ಜಿಯಮ್ಮನೇ ಬಾಯಿಬಿಟ್ಟಳು. “ಇಲ್ಲ ಸಾರ್, ಅವತ್ತು ನಾನೇ ಮನೇಲಿರ್ಲಿಲ್ಲ.”

ಮೇಷ್ಟ್ರು ಮುಂದಿನ ಹೆಸರು ಕೂಗಿದರು. ಪಕ್ಕದ ಮನೆಯಾಕೆ ಸಿಟ್ಟಾಗಿ ದಾಪುಗಾಲು ಹಾಕುತ್ತಾ ಮನೆಗೆ ಹೊರಟೇಹೋದಳು. ಗೋಡೆ ಹಿಡಿದು ಮೆಲ್ಲಗೆ ನಡೆಯುತ್ತಿದ್ದ ದರ್ಜಿಯಮ್ಮನನ್ನು ಪಿಸುಮಾತು ಗೇಟಿನ ಬಳಿ ಸೇರಿಕೊಂಡಳು. ಈಗ, ಯಾರಿಗೂ ಬೇಡದ ಹೊತ್ತಿನಲ್ಲಿ, ಮಾತು ಬಂತು.

“ಯಾಕಮ್ಮ ಸುಳ್ಳು ಹೇಳಿದ್ರಿ?”

“ಎಲ್ರೂ ನಿನ್ನ ಕಡೆ ತಿರುಗಿದ್ರಲ್ಲ ಮಗು. ಜನ ಹಾಗೆ ತಿರುಗಿದ್ರೆ ನಂಗೂ ಕೈಕಾಲು ನಡುಗುತ್ತೆ.” ಆಮೇಲೆ, ತಪ್ಪು ತನ್ನದೇ ಎಂಬಂತೆ, ಸಣ್ಣ ದನಿಯಲ್ಲಿ ಹೇಳಿದಳು: “ಅವತ್ತು ಹೆಜ್ಜೆ ಸದ್ದಲ್ಲೇ ನೀನು ಬಂದಿದ್ದು ಗೊತ್ತಾಯ್ತು. ಬಾಗಿಲ ಹಿಂದೇನೇ ನಿಂತಿದ್ದೆ. ಕಾಲೇಜಿನೋರ ಹತ್ರ ಏನ್ ಮಾತಾಡೋದು ಅಂತ ಯೋಚಿಸ್ತಾ ಇದ್ದೆ, ಅಷ್ಟರಲ್ಲಿ ನೀನು ಹೋಗ್ಬಿಟ್ಟೆ.”

ವರಾಂಡ ಅಲ್ಲಿಂದ ಇಪ್ಪತ್ತೇ ಹೆಜ್ಜೆ. ಸಾಲಿನಲ್ಲಿ ಇನ್ನೂ ಆರು ಜನ ಉಳಿದಿದ್ದರು. ಹೋಗಿ ಹೇಳಿದ್ದರೆ ಸಾಕಿತ್ತು. ಅವಳು ಮಾತ್ರ ದರ್ಜಿಯಮ್ಮನ ಕೈ ಹಿಡಿದು, ತೀರಾ ಜೋಪಾನವಾಗಿ, ಮನೆಯವರೆಗೂ ನಡೆಸಿಕೊಂಡು ಹೋದಳು. ಬಿಟ್ಟು ಬರುವಷ್ಟರಲ್ಲಿ ಡಾಕ್ಟರ ವ್ಯಾನು ಹೊರಟುಹೋಗಿತ್ತು.