ಎಂಟು ಮನೆಯ ತಂತಿ

"ಸೋಮವಾರ ಬರ್ತೀರೋ ಇಲ್ವೋ, ಅಷ್ಟು ಹೇಳಿಬಿಡಿ," ಎಂದ ಫೋನಿನ ಆ ತುದಿಯಲ್ಲಿದ್ದ ಫ್ರಿಜ್ ಕಾರ್ಖಾನೆಯ ಮೇಸ್ತ್ರಿ. "ಆ ಕೆಲಸಕ್ಕೆ ಇನ್ನೊಬ್ಬರು ಕಾಯ್ತಾ ಇದಾರೆ."

ಆರ್ಡಿಸ್ ಉತ್ತರ ಕೊಡುವ ಮೊದಲೇ ಟಿಕ್ ಎಂದಿತು. ಯಾರೋ ರಿಸೀವರ್ ಎತ್ತಿದ್ದರು. ಎಂಟು ಹೊಲಮನೆಗಳಿಗೆ ಒಂದೇ ತಂತಿ. ಯಾರು ಮಾತಾಡುತ್ತಿದ್ದರೂ ಉಳಿದವರು ಮೆಲ್ಲಗೆ ಎತ್ತಿ ಕಿವಿಗಿಟ್ಟುಕೊಳ್ಳುವುದು ಆ ಕಡೆಯ ವಾಡಿಕೆ. ಅದನ್ನು ತಪ್ಪೆಂದು ಯಾರೂ ತಿಳಿದವರಲ್ಲ. ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಅಷ್ಟೇ ತಾನೆ ಒಬ್ಬರಿಗೊಬ್ಬರ ಸುದ್ದಿ. ಅದಕ್ಕೇ ಅವಳು ಈ ಫೋನ್ ಮಾಡಲು ಇವತ್ತಿನವರೆಗೆ ಕಾದಿದ್ದಳು. ನೆರೆಯ ಪಾಲ್ಮರನ ಮನೆಯಲ್ಲಿ ಹಂದಿ ಕಡಿಯುವ ದಿನ. ಸುತ್ತಿನವರೆಲ್ಲ ಅಲ್ಲೇ, ತನ್ನ ಗಂಡ ಓರಿನ್ ಕೂಡ. ತಂತಿ ಖಾಲಿ ಇರುತ್ತದೆ ಎಂದುಕೊಂಡಿದ್ದಳು. ಪಾಲ್ಮರನ ಅಡಿಗೆಮನೆಯ ಫೋನೂ ಅದೇ ತಂತಿಯದೆಂಬುದು ಹೊಳೆದಿರಲಿಲ್ಲ.

ಓರಿನ್‌ಗೆ ಅವಳಿನ್ನೂ ಹೇಳಿರಲಿಲ್ಲ. ಯುದ್ಧದಲ್ಲಿ ಅವನು ಸಮುದ್ರದಾಚೆ ಇದ್ದಾಗ ಅವಳು ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದಿದ್ದಳು. ಗಂಡಸರು ಹಿಂದಿರುಗಿದ್ದೇ ಹೆಂಗಸರನ್ನು ಮನೆಗೆ ಕಳಿಸಿದ್ದರು. ಅಂದಿನಿಂದ ಎರಡು ಹೊತ್ತೂ ಹಸುಗಳ ಕೆಚ್ಚಲ ಬಳಿ ಕೂತದ್ದೇ ಆಯಿತು. ಓರಿನ್ ಕೆಟ್ಟವನಲ್ಲ. ಒಮ್ಮೆ ಹೊರಗಿನ ಕೆಲಸದ ಮಾತೆತ್ತಿದ್ದಕ್ಕೆ "ಇಲ್ಲಿ ಕೆಲಸ ಕಡಿಮೆಯಾಯ್ತಾ?" ಎಂದಿದ್ದ, ಅಷ್ಟೇ.

"ಹೂಂ ಅನ್ನೇ ಮಾರಾಯ್ತಿ!" ಪಾಲ್ಮರನ ಹೆಂಡತಿ ವಿಲ್ಮಾಳ ದನಿ. "ನನ್ನನ್ನ ಕರೆದಿದ್ರೆ ಇಷ್ಟೊತ್ತಿಗೆ ಕೋಟು ಹಾಕ್ಕೊಂಡು ಬಾಗಿಲಲ್ಲಿರ್ತಿದ್ದೆ."

"ವಿಲ್ಮಾ, ಫೋನ್ ಇಡು."

"ಯಾಕಿಡ್ಲಿ? ಕೈಯೆಲ್ಲಾ ಕೊಬ್ಬು ಮೆತ್ಕೊಂಡಿದ್ರೂ ಎತ್ತಿದೀನಿ."

ಅತ್ತ ವಿಲ್ಮಾಳ ಹಿಂದೆ ಬಾಗಿಲು ತೆರೆದ ಸದ್ದು, ಬೂಟಿನ ಹಿಮ ಕೊಡವಿದ ಸದ್ದು. "ಇನ್ನೊಂದು ಹಂಡೆ ಬಿಸಿನೀರು ಬೇಕಂತೆ," ಎಂದಿತು ಓರಿನ್‌ನ ದನಿ. "ಯಾರದು ಫೋನಲ್ಲಿ?"



ಆರ್ಡಿಸ್ ರಿಸೀವರ್ ಇಟ್ಟುಬಿಡಬಹುದಿತ್ತು. "ಬರ್ತೀನಿ," ಎಂದಳು. "ಸೋಮವಾರ ಬರ್ತೀನಿ ಸರ್."

"ಏಳಕ್ಕೆ ಸರಿಯಾಗಿ," ಎಂದು ಮೇಸ್ತ್ರಿ ಫೋನ್ ಇಟ್ಟ.

"ಆರ್ಡಿಸ್. ಸೋಮವಾರ ಹೋಗ್ತಾಳಂತೆ," ಎಂದಳು ಅತ್ತ ವಿಲ್ಮಾ, ರಿಸೀವರ್ ಕೈಬದಲಾಯಿತು.

"ಎಲ್ಲಿಗೆ ಸೋಮವಾರ?" ಎಂದ ಓರಿನ್.

"ಪೇಟೆಯ ಫ್ರಿಜ್ ಕಾರ್ಖಾನೆಗೆ. ಕೆಲಸಕ್ಕೆ."

"ವಿಲ್ಮಾಗೆ ಮೊದ್ಲು ಗೊತ್ತಾಗ್ಬೇಕಿತ್ತಾ?"

"ಮೊದ್ಲು ನಿಂಗೆ ಹೇಳಿದ್ದಿದ್ರೆ 'ಬರ್ತೀನಿ' ಅನ್ನೋ ಮಾತು ನನ್ನ ಬಾಯಿಂದ ಬರ್ತಿರ್ಲಿಲ್ಲ."

ಅವನೆಂದ: "ಬೆಳಗಿನ ಹಾಲು ನಾನೊಬ್ನೇ ಕರೀಬೇಕು ಹಾಗಾದ್ರೆ."

"ಸಂಜೇದು ಬಂದು ನಾನು ಕರೀತೀನಿ."

"ಸುಸ್ತಾಗಿರ್ತೀಯ."

"ಈಗೇನು, ಇಲ್ವಾ?"

ಅವನು ಫೋನ್ ಇಟ್ಟ.

ಆರ್ಡಿಸ್ ಹಿತ್ತಲಿಗೆ ಹೋದಳು. ಹಗ್ಗದ ಮೇಲೆ ಒಗೆದು ಹಾಕಿದ್ದ ಓರಿನ್‌ನ ಕೆಲಸದ ಪ್ಯಾಂಟು ಹೆಪ್ಪುಗಟ್ಟಿ ಹಲಗೆಯಾಗಿತ್ತು. ಮಡಿಸಲಾಗದೆ ಹಾಗೇ ತೋಳಲ್ಲಿ ಅಪ್ಪಿ ತಂದು, ಒಲೆಯ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಸ್ವಲ್ಪ ಹೊತ್ತಿಗೆ ಅದರ ಒಂದು ಮೊಣಕಾಲು ಮೆತ್ತಗಾಯಿತು. ಆಮೇಲೆ ಇನ್ನೊಂದು.