ನಾಲ್ಕನೇ ಗ್ಲಾಸು

ನಾಲ್ಕನೇ ಗ್ಲಾಸಿನ ಎದುರು ಬಡಗಿ ಸೊನ್ನೆ ಬರೆದ. ಬರೆದು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಯಾರಪ್ಪನ ಹಂಗೂ ತನಗಿಲ್ಲ ಎಂಬಂತೆ ಕುರ್ಚಿಗೆ ಬೆನ್ನು ಆನಿಸಿದ.

ಮೇಜಿನ ಸುತ್ತ ಕೂತ ಬಡಗಿ, ವಕೀಲರು, ಔಷಧಿ ಅಂಗಡಿಯಾಕೆ ಮೂವರ ಮುಂದೆಯೂ ಐದೈದು ಗಿಡ್ಡ ಗ್ಲಾಸುಗಳಿದ್ದವು. ಒಂದೊಂದರಲ್ಲೂ ಎರಡು ಚಮಚದಷ್ಟು ಬರ್ಬನ್ ವಿಸ್ಕಿ, ಪಕ್ಕದಲ್ಲಿ ನೀರು, ನಾಲಿಗೆ ತೊಳೆದುಕೊಳ್ಳಲು ಉಪ್ಪಿಲ್ಲದ ಬಿಸ್ಕತ್ತು. ಮೇಜಿನ ತುದಿಯಲ್ಲಿ ಐದು ಬಾಟಲಿಗಳು ಕಾಲುಚೀಲ ತೊಟ್ಟು ಸಾಲಾಗಿ ನಿಂತಿದ್ದವು. ಯಾವುದು ಯಾವ ಕಂಪನಿಯದೆಂದು ಗೊತ್ತಾಗದ ಹಾಗೆ ಕುಡಿದು ಹತ್ತಕ್ಕೆ ಅಂಕ ಹಾಕಬೇಕಾದ್ದರಿಂದ ಈ ಏರ್ಪಾಡು. ಕಾಲುಚೀಲಗಳು ಎಲ್ಲರಿಗೂ ಸುರಿದುಕೊಡುವ, ಮನೆಯ ಯಜಮಾನರಾದ ಹಲ್ಲಿನ ಡಾಕ್ಟರವು. "ಒಗೆದಿದ್ದೇ ತಾನೆ?" ಎಂದು ಔಷಧಿ ಅಂಗಡಿಯಾಕೆ ಪ್ರತಿ ತಿಂಗಳೂ ಕೇಳುತ್ತಿದ್ದಳು. ಡಾಕ್ಟರು ಪ್ರತಿ ತಿಂಗಳೂ ಮುಖ ಗಂಟಿಕ್ಕುತ್ತಿದ್ದರು.

ತಿಂಗಳಿಗೊಂದು ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ, ಡಾಕ್ಟರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಈ ಕೂಟ ಸೇರುತ್ತಿತ್ತು. ಆ ದಿನ ಈರುಳ್ಳಿ ತಿನ್ನಬಾರದು, ಸೆಂಟು ಹಾಕಿಕೊಳ್ಳಬಾರದು, ಪೇಸ್ಟಿನಲ್ಲಿ ಹಲ್ಲುಜ್ಜಬಾರದು. ಪೇಸ್ಟಿನ ಖಾರಕ್ಕೆ ನಾಲಿಗೆ ಸತ್ತುಹೋಗುತ್ತದೆ. ಬಡಗಿಯ ಹೆಂಡತಿ ಇದನ್ನು ಕೇಳಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಕುಡಿದು ಹಲ್ಲುಜ್ಜದೆ ಬಿದ್ದಿರೋರನ್ನ ನೋಡಿದೀನಿ. ಕುಡಿಯೋಕಂತಲೇ ಹಲ್ಲುಜ್ಜದೆ ಹೋಗೋರನ್ನ ನಿಮ್ಮನ್ನೇ ನೋಡಿದ್ದು."

"ಹಲ್ಲಿನ ಡಾಕ್ಟ್ರೇ ಉಜ್ಜಲ್ಲ ಕಣೆ."

"ಅವರಿಗೇನು, ಬಿದ್ರೆ ಕಟ್ಟಿಸ್ಕೋತಾರೆ. ನಿಮ್ಮನ್ನ ಅಲ್ಲಿ ಕೂರಿಸ್ಕೊಳ್ಳೋದು ಯಾಕೆ ಗೊತ್ತಾ? ಕುರ್ಚಿ ಕಾಲು ಅಲ್ಲಾಡಿದ್ರೆ ಕೈಗೆ ಸಿಗಲಿ ಅಂತ."

ಆ ಮಾತು ಬಡಗಿಗೆ ಮುಳ್ಳಿನ ಹಾಗೆ ನಟ್ಟಿತ್ತು. ನಾಲ್ಕು ವರ್ಷದ ಹಿಂದೆ ಅವನು ಈ ಕೋಣೆಗೆ ಬಂದದ್ದು ಮುಚ್ಚಿಕೊಳ್ಳದ ಬಾಗಿಲೊಂದನ್ನು ಹೆರೆಯಲು. ಕೂತವರು ತಮಾಷೆಗೆ ಒಂದು ಗುಟುಕು ಕೊಟ್ಟಿದ್ದರು. ಅವನು ಗ್ಲಾಸನ್ನು ಮೂಗಿಗೆ ಹಿಡಿದು, "ಇದು ಹೊಸ ಪೀಪಾಯೀಲಿ ಇಟ್ಟಿದ್ದು. ಓಕ್ ಮರ. ಒಳಗಡೆ ಚೆನ್ನಾಗಿ ಸುಟ್ಟಿದಾರೆ," ಎಂದಿದ್ದ. ಮುಸುಕಿನ ಜೋಳದಿಂದ ಬಟ್ಟಿ ಇಳಿಸಿ, ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಬರ್ಬನ್ ಆಗುತ್ತದೆ ಎಂಬುದನ್ನು ಅವನು ಕೇಳಿ ತಿಳಿದದ್ದು ಆಮೇಲೆ. ಅವತ್ತು ಹೇಳಿದ್ದು ಅವನ ಮೂಗು. ಉಳಿದವರು ಪುಸ್ತಕ ಓದಿ ಕಲಿತದ್ದನ್ನು ಅವನು ಮೂವತ್ತು ವರ್ಷ ಮರದ ಹೊಟ್ಟು ಕುಡಿದು ಕಲಿತಿದ್ದ. ಅಂದಿನಿಂದ ಅವನಿಗೊಂದು ಕುರ್ಚಿ. ಆ ಊರಿನಲ್ಲಿ ಎಷ್ಟು ಮನೆಗೆ ಕುರ್ಚಿ ಮಾಡಿಕೊಟ್ಟಿದ್ದನೋ ಲೆಕ್ಕವಿಲ್ಲ. ತಾನು ಮಾಡಿದ ಕುರ್ಚಿಯಲ್ಲಿ ತಾನೇ ಕೂತದ್ದು ಇದೊಂದೇ ಮನೆಯಲ್ಲಿ.

"ನಾಲ್ಕನೇದು ಓದೋಣ," ಎಂದರು ಡಾಕ್ಟರು, ಅಂಗೈ ಉಜ್ಜಿಕೊಳ್ಳುತ್ತ.

ಕಾಲುಚೀಲದ ಒಳಗಿದ್ದರೂ ನಾಲ್ಕನೇದು ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಒಂದು ವಾರದಿಂದ ಡಾಕ್ಟರು ಫೋನು ಮಾಡಿ ಮಾಡಿ, "ಈ ಸಲ ನನ್ನ ಹದಿನೆಂಟು ವರ್ಷದ್ದನ್ನ ತೆಗೀತಿದೀನಿ," ಎಂದು ಸಾರಿದ್ದರು. ಮಿಕ್ಕ ನಾಲ್ಕು ಬಾಟಲಿಗಳನ್ನು ಗಿಡಕ್ಕೆ ನೀರು ಹಾಕುವವರ ಹಾಗೆ ಸುರಿದು, ಇದೊಂದನ್ನು ಮಾತ್ರ ನಿದ್ದೆಯಲ್ಲಿರುವ ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದ್ದರು.

ವಕೀಲರು ಗಂಟಲು ಸರಿಮಾಡಿಕೊಂಡರು. "ನಾಲ್ಕು. ಹಳೇ ಗ್ರಂಥಾಲಯದ ಗಾಂಭೀರ್ಯ. ತೊಗಲಿನ ಕುರ್ಚಿ. ನುಂಗಿದ ಮೇಲೂ ಉಳಿಯೋ ಒಂದು... ಒಂದು ವಿಷಾದ. ಒಂಬತ್ತೂವರೆ."

"ಒಂಬತ್ತು ವಿಷಾದಕ್ಕೆ, ಅರ್ಧ ಕುರ್ಚಿಗಾ?" ಎಂದಳು ಔಷಧಿ ಅಂಗಡಿಯಾಕೆ. ಆಮೇಲೆ ತನ್ನ ಹಾಳೆ ನೋಡಿ ದನಿ ತಗ್ಗಿಸಿದಳು. "ನಂದು ಎಂಟು. ನಂಗೆ ಶೀತ ಬೇರೆ ಆಗಿದೆ. ಅದಕ್ಕೇ ಎಂಟು."

"ಮೇಸ್ತ್ರಿ, ನಿಂದು?"

"ಸೊನ್ನೆ."

"ಎಷ್ಟು?"

"ಸೊನ್ನೆ ಸಾರ್. ಕೆಟ್ಟೋಗಿದೆ."

ಡಾಕ್ಟರು ಮೊದಲು ನಕ್ಕರು. "ನಿನ್ನ ನಾಲಿಗೆಗೆ ಅರಗು ಮೆತ್ಕೊಂಡಿರಬೇಕು ಕಣಯ್ಯಾ. ಪಾಲಿಶ್ ಕೆಲಸ ಹಿಡಿದಿದ್ಯಾ?"

"ವಾರದಿಂದ ಪಾಲಿಶ್ ಡಬ್ಬಿ ಮುಚ್ಚಳ ತೆಗೆದಿಲ್ಲ. ಈ ಭಾನುವಾರಕ್ಕೇ ಅಂತ. ನನ್ನ ಮೂಗು ನೆಟ್ಟಗಿದೆ."

"ಹಾಗಿದ್ರೆ ಏನು ವಾಸನೆ ಹೊಡೀತಪ್ಪಾ ನಿನಗೆ?"

"ನೆನೆದ ರಟ್ಟು. ಒದ್ದೆ ಗೋಡೆಗೆ ಒರಗಿಸಿ ಮರೆತುಬಿಟ್ಟ ಪ್ಲೈವುಡ್ಡು. ಸಕ್ಕರೆ ಸುಟ್ಟ ಘಮ ಇರಬೇಕಿತ್ತು, ಸತ್ತಿದೆ. ಮರ ಸತ್ತಿದೆ. ಬಿರಡೆ ಕೊಳೆತು ಒಳಗಿಳಿದಿದೆ ಸಾರ್."

ಡಾಕ್ಟರ ನಗು ನಿಂತಿತು. ಅವರು ನಾಲ್ಕನೇ ಬಾಟಲಿಯ ಕಾಲುಚೀಲ ಎಳೆದು, ಚಿನ್ನದ ಬಣ್ಣದ ಅಕ್ಷರಗಳನ್ನು ಬಡಗಿಯ ಮುಖಕ್ಕೆ ತಿರುಗಿಸಿ ಹಿಡಿದರು. "ಓದೋಕ್ ಬರುತ್ತಲ್ಲ? ಹದಿನೆಂಟು ವರ್ಷ. ಇದಕ್ಕೆ ಸೊನ್ನೆ ಕೊಟ್ಟೋರು ಲೋಕದಲ್ಲೇ ಇಲ್ಲ."

"ಈಗ ಒಬ್ಬ ಇದಾನೆ."

ಔಷಧಿ ಅಂಗಡಿಯಾಕೆ ನಗು ತಡೆಯಲು ನೀರು ಕುಡಿದಳು. ವಕೀಲರು ಸೂರು ನೋಡಿದರು.

ಅಂಕಗಳನ್ನು ಬರೆದಿಡುವ ದಪ್ಪ ಪುಸ್ತಕ ಡಾಕ್ಟರ ಬಳಿ ಇತ್ತು. ಬೇರೆ ಊರಿನ ಕೂಟದವರು ಬಂದಾಗ ಅದನ್ನು ತೆಗೆದು ತೋರಿಸುವುದು ಅವರಿಗೆ ಹೆಮ್ಮೆ. ಅವರು ಪುಸ್ತಕ ಮುಚ್ಚಿ, ಮೇಜಿನ ಖಾನೆ ಎಳೆದು ಒಂದು ರಬ್ಬರು ಹುಡುಕಿ ತೆಗೆದರು. ಎಲ್ಲರೂ ಪೆನ್ನಿನಲ್ಲಿ ಬರೆಯುತ್ತಿದ್ದರು. ಬಡಗಿ ಮಾತ್ರ ಮರಕ್ಕೆ ಗುರುತು ಹಾಕುವ ತನ್ನ ಚಪ್ಪಟೆ ಪೆನ್ಸಿಲಿನಲ್ಲಿ.

"ಪೆನ್ಸಿಲ್ಲಲ್ಲಿ ಬರೆದಿದೀಯ, ಪುಣ್ಯ. ಒರೆಸಿಬಿಡು," ಎಂದರು ಮೆಲ್ಲಗೆ, ಹಲ್ಲು ಕೀಳುವ ಮುಂಚೆ ರೋಗಿಗೆ ಹೇಳುವ ದನಿಯಲ್ಲಿ. "ಏಳು ಹಾಕು. ಮನಸ್ಸಿಲ್ಲದಿದ್ರೆ ಆರು. ಇಲ್ಲ ಅಂದ್ರೆ ಮುಂದಿನ ತಿಂಗಳು ಆ ಕುರ್ಚೀಲಿ ಬೇರೆ ಯಾರಾದ್ರೂ ಕೂತಿರ್ತಾರೆ. ನನಗೂ ಬೇಜಾರೇ."

ರಬ್ಬರು ಮೇಜಿನ ಮೇಲೆ ಉರುಳಿ ಬಡಗಿಯ ಹಾಳೆಯ ಅಂಚಿಗೆ ಬಂದು ನಿಂತಿತು.

ಬಡಗಿ ಅದನ್ನು ನೋಡಲಿಲ್ಲ. ಡಾಕ್ಟರ ಬೆನ್ನ ಹಿಂದಿನ ಗೋಡೆ ನೋಡಿದ. ಅಲ್ಲಿ ಅವನೇ ಮಾಡಿಕೊಟ್ಟ ತೇಗದ ಸ್ಟ್ಯಾಂಡು ಇತ್ತು. ಮೂವತ್ತಾರು ದುಂಡು ತೂತು, ಒಂದೊಂದನ್ನೂ ಉಗುರಿಗೆ ಸಿಗದಷ್ಟು ನುಣ್ಣಗೆ ಉಜ್ಜಿದ್ದ. ಒಂದೊಂದರಲ್ಲೂ ಒಂದು ಬಾಟಲಿ ಮಲಗಿತ್ತು. ಡಾಕ್ಟರು ಯಾವುದೋ ಪತ್ರಿಕೆಯ ಚಿತ್ರ ತೋರಿಸಿ ಇದೇ ಬೇಕೆಂದಾಗ ಅವನು ಹೇಳಿದ್ದ, "ಇದು ದ್ರಾಕ್ಷಿ ವೈನಿಗೆ ಸಾರ್. ವಿಸ್ಕಿ ಮಲಗಿಸಬಾರದು, ಬಿರಡೆ ತಿಂದುಹಾಕುತ್ತೆ." ಡಾಕ್ಟರು ಅಂದಿದ್ದರು, "ನೀನು ಮರ ನೋಡು. ಬಾಟ್ಲಿ ನಾನು ನೋಡ್ಕೋತೀನಿ." ಅವನು ಬಾಯಿ ಮುಚ್ಚಿಕೊಂಡು ಮರ ನೋಡಿದ್ದ. ಕುರ್ಚಿ ಆಗಷ್ಟೇ ಸಿಕ್ಕಿತ್ತು. ಅಂದಿನಿಂದ ಪ್ರತಿ ತಿಂಗಳೂ ಆ ತೂತುಗಳ ಎದುರಿಗೇ ಕೂತು, ನೋಡಿಯೂ ನೋಡದ ಹಾಗೆ ಬಿಸ್ಕತ್ತು ತಿಂದಿದ್ದ.

"ಅಕ್ಕಾ," ಎಂದ ಔಷಧಿ ಅಂಗಡಿಯಾಕೆಗೆ, "ನಿಮ್ಮ ಪೆನ್ನು ಸ್ವಲ್ಪ ಕೊಡಿ."

ಅವಳು ಕೊಟ್ಟಳು. ಯಾವುದೋ ಕೆಮ್ಮಿನ ಔಷಧಿಯ ಹೆಸರಿದ್ದ ಪೆನ್ನು. ಬಡಗಿ ಪೆನ್ಸಿಲಿನ ಸೊನ್ನೆಯ ಮೇಲೆ ಇಂಕಿನಲ್ಲಿ ಇನ್ನೊಂದು ಸುತ್ತು ಬಂದ. ಸಾಲದೆಂದು ಮತ್ತೊಂದು ಸುತ್ತು. ಹಾಳೆ ಹರಿಯುವಷ್ಟು ಒತ್ತಿ ಬರೆದು, ಅದನ್ನು ಡಾಕ್ಟರ ಪುಸ್ತಕದ ಮೇಲಿಟ್ಟ.

"ಈಗ ಒರೆಸಿ," ಎಂದ.

"ಏನೋ ಇದು, ಅಹಂಕಾರ?"

"ಅಹಂಕಾರ ಅಂದ್ರೆ ಅಹಂಕಾರ. ನನ್ನ ಮೂಗನ್ನ ನೋಡಿ ತಾನೇ ಕೂರಿಸಿದ್ದು? ಇವತ್ತು ಮೂಗನ್ನ ಹೊರಗಡೆ ಬಿಟ್ಟು ಬಂದು ಕೂರು ಅಂದ್ರೆ ನಾನು ಬರೀ ಕುರ್ಚಿ ರಿಪೇರಿಯೋನು. ಅದಕ್ಕಾದ್ರೆ ಬುಧವಾರ ಬರ್ತೀನಿ, ಕೂಲಿಗೆ. ಬಿರಡೆ ಎಲ್ಲಿ ಸಾರ್? ತನ್ನಿ. ಎಲ್ಲರೂ ಮೂಸಲಿ."

"ಬಿಸಾಕಿದೆ. ಬಿರಡೆ ಇಟ್ಕೊಂಡು ಪೂಜೆ ಮಾಡ್ತಾರೇನು?"

ಬಾಗಿಲಲ್ಲಿ ಡಾಕ್ಟರ ಹೆಂಡತಿ ಬಿಸ್ಕತ್ತಿನ ಇನ್ನೊಂದು ತಟ್ಟೆ ಹಿಡಿದು ಯಾವಾಗಲೋ ಬಂದು ನಿಂತಿದ್ದರು. "ಬಿರಡೆನಾ? ಬೆಳಗ್ಗೆ ನನ್ನ ಟೀ ಜಾಲರಿ ಎತ್ಕೊಂಡು ಬಂದು ಏನೋ ಸೋಸಿದ್ರಲ್ಲ, ಅದರ ತುಂಬಾ ಇದೆ. ಪುಡಿ ಪುಡಿ, ಕರ್ರಗೆ. ನಾನಿನ್ನೂ ತೊಳೆದಿಲ್ಲ. ತರಲಾ?"

ವಕೀಲರು ತಮ್ಮ ಒಂಬತ್ತೂವರೆಯ ಮೇಲೆ ಅಂಗೈ ಇಟ್ಟುಕೊಂಡರು. ಔಷಧಿ ಅಂಗಡಿಯಾಕೆ ಮೂಗೊರೆಸಿಕೊಂಡು ನಾಲ್ಕನೇ ಗ್ಲಾಸನ್ನು ಇನ್ನೊಮ್ಮೆ ಮೂಸಿ, ಮೆಲ್ಲಗೆ ಕೆಳಗಿಟ್ಟಳು.

"ಬಿರಡೆ ಮುರಿದ ಮಾತ್ರಕ್ಕೆ ಒಳಗಿಂದು ಕೆಡುತ್ತೆ ಅಂತ ಎಲ್ಲಿ ಬರೆದಿದೆ?" ಡಾಕ್ಟರ ದನಿ ಏರಿತು. ಕಿವಿ ಕೆಂಪಾಗಿತ್ತು. "ನನ್ನ ಮನೇಲಿ ಕೂತು, ನನ್ನ ಬಾಟ್ಲಿಯಿಂದ ಕುಡಿದು... ಮುಂದಿನ ತಿಂಗಳಿಂದ ಬರಬೇಡ ನೀನು."

"ನಾಲ್ಕನೇದು ಕುಡಿದಿಲ್ಲ ಸಾರ್. ಮೂಸಿದ್ದು ಅಷ್ಟೆ."

ಬಡಗಿ ಎದ್ದ. ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿ, ರೂಢಿಯಂತೆ ಅದರ ಬೆನ್ನು ಹಿಡಿದು ಅಲ್ಲಾಡಿಸಿ ನೋಡಿದ. ಕೀಲು ಬಿಗಿಯಾಗಿತ್ತು. ಪೆನ್ನನ್ನು ಔಷಧಿ ಅಂಗಡಿಯಾಕೆಗೆ ಕೊಟ್ಟ. ಬಾಗಿಲಲ್ಲಿ ಡಾಕ್ಟರ ಹೆಂಡತಿ ಪಕ್ಕಕ್ಕೆ ಸರಿದು ದಾರಿ ಬಿಟ್ಟು, "ಬಿಸ್ಕತ್ತಾದ್ರೂ ತಗೊಳ್ಳಿ," ಎಂದರು. ಅವನು ಎರಡು ತೆಗೆದುಕೊಂಡ.

ಹೊರಗಿನ ಮೆಟ್ಟಿಲ ಮೇಲೆ ನಡುಹಗಲ ಬಿಸಿಲಿತ್ತು. ಅವನು ದಡದಡ ಇಳಿದ. ಸಿಟ್ಟು ಇನ್ನೂ ಕಾಲಲ್ಲೇ ಇತ್ತು. ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಇದ್ದದ್ದನ್ನೇ ಹೇಳುವುದು, ನಗುತ್ತಾಳೆ, ನಗಲಿ. ಕೆಳಗೆ ಕ್ಲಿನಿಕ್ಕಿನ ಮುಚ್ಚಿದ ಬಾಗಿಲ ಮುಂದೆ ನಿಂತು ಬಿಸ್ಕತ್ತು ಕಚ್ಚಿದ. ಉಪ್ಪಿಲ್ಲ, ಸಪ್ಪೆ. ಮೇಲಿನ ಕಿಟಕಿ ತೆರೆದಿತ್ತು. ಮಾತು ಕೇಳಿಸಲಿಲ್ಲ. ಕುರ್ಚಿ ಎಳೆದ ಸದ್ದು, ಆಮೇಲೆ ಸ್ಟ್ಯಾಂಡಿದ್ದ ಗೋಡೆಯ ಕಡೆ ನಡೆದ ಹೆಜ್ಜೆ.

ಆಮೇಲೆ ಟೊಕ್ ಎಂದಿತು. ಬಾಟಲಿಯ ಬುಡವನ್ನು ನೆಲದ ಮೇಲೆ ನೆಟ್ಟಗೆ ಇಟ್ಟ ಸದ್ದು.

ಮತ್ತೆ ಟೊಕ್. ಇನ್ನೊಂದು. ಬಡಗಿ ಬಾಯಾಡಿಸುವುದನ್ನು ನಿಲ್ಲಿಸಿ, ಕಿಟಕಿಯ ಕಡೆ ತಲೆಯೆತ್ತಿ ನಿಂತ.